ಬಾಕಿ

ಜಲನಗರದಾಗ ನಂದೊಂದು ಓದೂ ಹಾಲ್.
ಅರವತ್ತು ಕುರ್ಚಿ, ತಿಂಗಳಿಗೆ ಆರನೂರು.
ನಾ ಪುಸ್ತಕ ಓದಿದವ ಅಲ್ಲ, ರಜಿಸ್ಟರ್ ಓದತೀನಿ:
ಯಾರು ಎಷ್ಟಕ್ಕ ಬಂದ್ರು, ಎಷ್ಟಕ್ಕ ಹ್ವಾದ್ರು,
ಸಹಿ ಮಾಡೂ ಕೈ ಹೆಂಗ ನಡಗತೈತಿ.

ನಲವತ್ತೊಂದನೇ ಕುರ್ಚಿ ಬಸಗೊಂಡಂದು.
ನಾಲ್ಕು ವರ್ಷ ಪಿಎಸ್ಐ ಪರೀಕ್ಷಾ.
ಒಮ್ಮೆ ಲಿಸ್ಟಿನ್ಯಾಗ ಹೆಸರು ಬಂತು, ಊರಿಗೆಲ್ಲಾ ಪೇಢೆ ಹಂಚಿದ.
ಆಮ್ಯಾಲ ಲಿಸ್ಟೇ ರದ್ದಾತು.
ಹಂಚಿದ ಪೇಢೆ ತಿರುಗಿ ಬರಂಗಿಲ್ಲ,
ತಿಂದ ಬಾಯಿ ಬರತಾವು:
"ಏನ್ ಸಾಹೇಬ್ರ, ಡ್ರೆಸ್ ಯಾವಾಗ ಹೊಲಸ್ತೀರಿ?"
ತಂಗಿ ಲಗ್ನ ಅವನ ನೌಕರಿಗೆ ಕಾದು ನಿಂತೈತಿ.
"ಉಂಡಿ ಏನಪಾ" ಅಂತಾಳ ಅವ್ವ ಫೋನಿನ್ಯಾಗ.
"ಹೂಂ" ಅಂತಾನ, ಕೈಯಾಗ ಅರ್ಧಾ ಬನ್ನು ಹಿಡಕೊಂಡು.
ಜೋಡಿ ಓದಿದಂವ ಈಗ ತಲಾಠಿ,
ಸ್ಟೇಟಸ್ಸಿನ್ಯಾಗ ಹೊಸಾ ಗಾಡಿ, ಹಾರ, ನಿಂಬಿಹಣ್ಣು.
ಮೊದಲ ಸಿಟ್ಟು ಬರತಿತ್ತು ಅವಗ.
ಈಗೀಗ ಸಿಟ್ಟೂ ಇಲ್ಲ.

ಶುಕ್ರವಾರ ಬಂದ, ನಕ್ಕೋತ.
ಎರಡು ತಿಂಗಳ ಫೀ ಮುಂಗಡ ಇಟ್ಟ,
ಮೂರು ಐದನೂರರ ನೋಟು.
ಕಡಾ ಒಯ್ದ ಛತ್ರಿ ಗೂಟಕ್ಕ ಹಾಕಿದ,
ನೋಟ್ಸೆಲ್ಲಾ ಸುವರ್ಣಾಗ ಕೊಟ್ಟ.
"ದಸ್ತಗೀರ ಕಾಕಾ, ನಂದೇನೂ ಬಾಕಿ ಇಲ್ಲಲಾ?"

ಹಿಂಗ ಕೇಳಿದವನೊಬ್ಬ ಮೊದಲೂ ಇದ್ದ.
ಹದಿನೇಳನೇ ಕುರ್ಚಿ.
ಆವತ್ತು ನಾ, "ಭಾಳ ಶಾಣ್ಯಾ, ಲೆಕ್ಕ ಚೊಕ್ಕ" ಅಂದು
ಬೆನ್ನು ಚಪ್ಪರಿಸಿ ಕಳಿಸಿದ್ದೆ.

ಷಟರ್ ಅರ್ಧಾ ಇಳಿಸಿದೆ. ಚಾ ತರಿಸಿದೆ.
ಹೆಂಗ ಕೇಳಬೇಕೋ ತಿಳೀಲಿಲ್ಲ, ನೆಟ್ಟಗ ಕೇಳಿದೆ:
"ಸಾಯಬೇಕು ಅನಸ್ತೈತೇನೋ?"
ಹೊರಗ ಟಾಂಗಾ ಹ್ವಾತು.
ಕುದುರಿ ಕಾಲಿನ ಸಪ್ಪಳ ಅಡಗೂತನಕಾ
ಅಂವ ಚಾದ ಕೆನಿ ನೋಡಿಕೋತ ಕುಂತ.
ಆಮ್ಯಾಲ ಅಂದ:
"ನಾಲ್ಕು ವರ್ಷಾತು ಕಾಕಾ,
ಎಲ್ಲಾರೂ ರಿಸಲ್ಟ್ ಕೇಳ್ಯಾರ.
ನನ್ನ ಯಾರೂ ಕೇಳಿಲ್ಲ."

ಬುದ್ಧಿ ಹೇಳಲಿಲ್ಲ ನಾ. ಇದ್ದರ ಅಲ್ಲ ಹೇಳೂದು?
ಎರಡು ಗಂಟೆತನಕಾ ಕೇಳಿದೆ,
ರಾತ್ರಿ ಇಬ್ಬರೂ ಅಲ್ಲೇ ಬೆಂಚಿನ ಮ್ಯಾಲ ಮಲಗಿದ್ವಿ.
ಬರೇ ನನ್ನ ಕಿವಿ ಸಾಲಂಗಿಲ್ಲ, ಗೊತ್ತಿತ್ತು;
ಮುಂಜಾನೆ ಜಿಲ್ಲಾ ಆಸ್ಪತ್ರಿ, ಮನಸಿನ ಡಾಕ್ಟರ್, ಒಂಬತ್ತನೇ ಚೀಟಿ.
ಸಹಿ ಮಾಡೂಮುಂದ ಅವನ ಕೈ ನಡುಗಿತು.
ನಡಗಲಿ. ನಡಗೂ ಕೈಗೆ ಜೀವ ಇರತೈತಿ.

ಈಗ ಗುರುವಾರಕ್ಕೊಮ್ಮೆ ಹೋಗಿ ಬರತಾನ.
ಕೆಲವು ದಿನ ಚಲೋ. ಕೆಲವು ದಿನ
ಕುರ್ಚಿ ಮ್ಯಾಲ ಮಾರಿ ತಿರುವಿ ಕುಂತಿರತಾನ.

ಆ ನೋಟಿನ್ಯಾಗ ಮುನ್ನೂರು ನಾ ತಿರುಗಿ ಕೊಡಬೇಕು.
ದಿನಾ ಕೇಳತಾನ.
"ಚಿಲ್ಲರ ಇಲ್ಲೋ, ನಾಳೆ ಬಾ" ಅಂತೀನಿ,
ಚಿಲ್ಲರ ತುಂಬಿದ ಡ್ರಾವರ್
ಮೊಣಕಾಲಿಲೆ ಒತ್ತಿ ಹಿಡದು.