ಬಿಳಿ ಗೆರೆ

ನೆಲ ನಡುಗಿದ ಹನ್ನೆರಡನೆಯ ದಿನ ಬಂದ ಅವನು
ಚಿಲಿಯ ಕಡಲಂಚಿಗೆ, ಟೇಪು ಹಿಡಿದು.
ಬಂಡೆಗೆ ಕಚ್ಚಿಕೊಂಡೇ ಸತ್ತ ಚಿಪ್ಪುಗಳು,
ಸುಣ್ಣ ಎಳೆದಂತೆ ಒಂದು ಗೆರೆ.
ಗೆರೆಯಿಂದ ನೀರಿಗೆ ಒಂದು ಮೀಟರು ಎಪ್ಪತ್ತು.

‘ಕಡಲು ಇಳಿದುಬಿಟ್ಟಿತು’ ಎಂದಳು ಎರ್ಮೆಲಿಂದಾ,
ಸೊಂಟದಲ್ಲಿ ಚಿಪ್ಪು ಎಬ್ಬುವ ಚೂರಿ.
‘ಇಲ್ಲ, ನೆಲ ಎದ್ದಿತು.
ಎಷ್ಟು ಎದ್ದಿತೋ ಅದರಿಂದ
ಅಡಿಯಲ್ಲಿ ಎಷ್ಟು ಜಾರಿತೆಂದು ತಿಳಿಯುತ್ತದೆ.
ಅದಕ್ಕೆ ಸೀಳಿನ ಉದ್ದ ಅಗಲ ಗುಣಿಸಬೇಕು,
ಆಮೇಲೆ ಒಂದು ಅಂಕಿ.
ಏಳಾದ ಮೇಲೆ ಎಂಟು: ಎಣಿಕೆಗೆ ಒಂದು,
ಬಲಕ್ಕೆ ಮೂವತ್ತೆರಡು ಪಟ್ಟು.’

‘ನಮ್ಮಲ್ಲಿ ಬಿದ್ದದ್ದು ಅಡುಗೆಮನೆ ಗೋಡೆ.
ಅದಕ್ಕೆಷ್ಟು?’
‘ಅದರ ಅಳತೆ ಬೇರೆ’ ಎಂದ, ದನಿ ತಗ್ಗಿಸಿ.

ಏನೂ ಅನ್ನದೆ ದಿಬ್ಬ ಹತ್ತಿದಳು.
ಮುಳ್ಳುಪೊದೆ ಸರಿಸಿ, ಮಣ್ಣು ಕೆರೆದರೆ
ಹಳೆಯದೊಂದು ಗೆರೆ, ಮುಟ್ಟಿದರೆ ಪುಡಿ.
‘ನನ್ನಜ್ಜಿಯ ಅಜ್ಜಿಗೂ
ಇದು ಇಲ್ಲೇ ಸಿಕ್ಕಿತ್ತಂತೆ.’

ಟೇಪು ಸಾಲಲಿಲ್ಲ.
ದೋಣಿಯ ಹಗ್ಗ ಬಿಚ್ಚಿ ಕೊಟ್ಟಳು.
ಅವನು ಗಂಟು ಹಾಕುತ್ತ ಎಣಿಸುವಷ್ಟರಲ್ಲಿ
ಅವಳು ಕೆಳಗೆ, ಹೊಸ ನೀರಂಚಿನಲ್ಲಿ,
ಬಂಡೆ ತಡವುತ್ತಿದ್ದಳು,
ಸಾಸಿವೆಯಷ್ಟು ಚಿಪ್ಪು
ಒಂದಾದರೂ ಹಿಡಿದಿದೆಯೇ ಎಂದು.