ಕಡೀ ಡಬ್ಬಿ

ಮೂವತ್ನಾಕು ವರ್ಷ ಮಾಲಗಾಡಿಯ ಕಡೀ ಡಬ್ಬಿಯೊಳಗ
ಹಿಂದಕ್ಕ ಮಾರಿ ಮಾಡಿ ಕುಂತವ ನಾನು.
ನನಗ ಯಾವ ಊರೂ ಬರಲಿಲ್ಲ,
ಎಲ್ಲಾ ಊರೂ ಹೋದವು.
ಬೇವಿನ ಗಿಡ ಕಂಡಿತು ಅನ್ನೂದ್ರಾಗ ಸಣ್ಣದಾತು,
ಎಮ್ಮಿ ಮ್ಯಾಲಿನ ಹುಡುಗ ಕೈ ಎತ್ತಿದ ಅನ್ನೂದ್ರಾಗ ಚುಕ್ಕಿ ಆದ.
ಇಂಜಿನ್ನಿನಾಂವ ನೋಡಿದ್ದನ್ನ
ನಾ ಐವತ್ತೆಂಟು ಡಬ್ಬಿ ತಡಾ ಮಾಡಿ ನೋಡಿದೆ.

ಸೊಲ್ಲಾಪುರದಾಗ ಹಾರ ಹಾಕಿದರು.
ಶಾಲು, ತೆಂಗಿನಕಾಯಿ, ಒಂದು ಗ್ವಾಡಿ ಗಡಿಯಾರ.
ಟೈಮಿನ ಕಾಟದಿಂದ ಬಿಟ್ಟವಗ
ಗಡಿಯಾರನ ಯಾಕ ಕೊಡತಾರೋ!
ಹಸಿರು ನಿಶಾನಿ, ಕೆಂಪು ನಿಶಾನಿ, ಕೈದೀಪ, ಪಟಾಕಿ ಡಬ್ಬಿ,
ಎಲ್ಲಾ ಎಣಿಸಿ ಕೊಟ್ಟು ಸಹಿ ಮಾಡಿದೆ.
ಶೀಟಿ ಮಾತ್ರ ಕಿಸೆದಾಗ ಉಳೀತು.
ಕೇಳಲಿಲ್ಲ ಅವರು. ಹೇಳಲಿಲ್ಲ ನಾನು.

ಮೊದಲ ತಿಂಗಳು ದುಧನಿಯ ಮನಿಯಾಗ ನಿದ್ದಿ ಇಲ್ಲ.
ಮಂಚ ಅಲಗಾಡೂದಿಲ್ಲ, ಹೆಂಗ ಮಲಗಬೇಕು?
ಮಹಾನಂದಾ ಕುಕ್ಕರ್ ಇಟ್ಟರ ಮೂರನೇ ಶೀಟಿಗೆ
ಎದ್ದು ನಿಂತು ಕೈ ಚಾಚತಿದ್ದೆ.
‘ನಿಮ್ಮ ಗಾಡಿ ಹೋತು. ಬ್ಯಾಳಿ ಬೆಂದಾವ, ಕುಂದರ್ರಿ’ ಅಂದಳು.

ಆಮ್ಯಾಲ ಒಂದು ಹುಚ್ಚು ಹಿಡೀತು.
ಬೋರೋಟಿ, ನಾಗಣಸೂರ, ಗೌಡಗಾಂವ, ಕುಲಾಲಿ,
ಸಾವಿರ ಸಲ ದಾಟೀನಿ,
ಒಂದರಾಗೂ ಚಪ್ಪಲಿ ಗುರುತು ಬಿಟ್ಟಿಲ್ಲ.
ಪ್ಯಾಸೆಂಜರ್ ಹತ್ತೂದು, ಒಂದೊಂದು ದಿನ ಒಂದೊಂದು ಕಡೆ ಇಳಿಯೂದು.
ಪಾಸು ಅದ, ಆದ್ರೂ ತಿಕೀಟು ತಗೀತೀನಿ;
ಇಳಿದ ಮ್ಯಾಲ ಕೈಯಾಗ ಏನಾರ ಇರಬೇಕು.
‘ಮಂದಿ ಕಾಶಿಗೆ ಹೋಗತಾರ, ನಮ್ಮಪ್ಪ ಬೋರೋಟಿಗೆ’
ಅಂತ ಮಗಳು ಫೋನಿನಾಗ ನಕ್ಕೇ ನಕ್ಕಳು.

ನಾಗಣಸೂರದಾಗ ಮಿರ್ಚಿಭಜಿ ಚಲೋ.
ಬೋರ್ಡಿನ ಮ್ಯಾಲ ಮರಾಠಿ, ಕೆಳಗ ಕುಂತವರ ಬಾಯಾಗ ಕನ್ನಡ,
ಬೈಯೂವಾಗ ಎರಡೂ.
ಇನ್ನೊಂದು ಕಡೆ ಏನೂ ಇರಲಿಲ್ಲ,
ಒಂದು ನಾಯಿ, ನಾನು, ಮೂರು ತಾಸು.
ಅದೂ ಚಲೋನ ಇತ್ತು.

ಬೋರೋಟಿ ಈಚೆ ಗೇಟಿನಾಗ ಒಬ್ಬಾಂವ ಇದ್ದ.
ಹತ್ತೊಂಬತ್ತು ವರ್ಷ ನಾ ಹಸಿರು ಬೀಸಿದೆ, ಅಂವ ಹಸಿರು ಬೀಸಿದ.
ರಾತ್ರಿಯಾದ್ರ ದೀಪ.
ದೀಪದ ಹಿಂದಿನ ಮಾರಿ ನಾ ನೋಡಿಲ್ಲ.
ಹೋದರ ಗೇಟನ ಇಲ್ಲ! ಹಳಿ ಕೆಳಗ ಹೊಸಾ ದಾರಿ,
ದಾರಿ ತುಂಬ ಮೊಣಕಾಲಮಟ ನೀರು.
ಕೇಳಕೋತ ಕೇಳಕೋತ ನಡದೆ.
ತೊಗರಿ ಹೊಲದ ಬದುವಿನ ಮ್ಯಾಲ ಕುಂತಿದ್ದ ಮೈಬೂಬಸಾಬ.
‘ಯಾರು ಬೇಕಾಗಿತ್ರೀ?’
ಹೆಸರು ಹೇಳಿದೆ, ಗುರುತು ಸಿಗಲಿಲ್ಲ.
ಸಿಗೂದಾದ್ರೂ ಹೆಂಗ?
ಹೆಗಲಿನ ಟಾವೆಲ್ ತಗದು, ಎಡಗೈ ಚಾಚಿ,
ಮೆಲ್ಲಕ ಬೀಸಿದೆ.
ಅಂವ ಎದ್ದು ನಿಂತ.
‘ಯಾ ಅಲ್ಲಾ, ಎಡಚ ಗಾರ್ಡ್!’

ಚಾ ಕುಡದ್ವಿ. ಮಾತು ಲಗೂನ ಮುಗೀತು.
ಕೈ ಬೀಸಿ ರೂಢಿ, ಮಾತಾಡಿ ಇಲ್ಲ.
ಅವನ ಮಂಡಿನೋವು, ನನ್ನ ಶುಗರು,
ಇಬ್ಬರ ಪಿಂಚಣಿಯ ಬ್ಯಾಂಕು ಒಂದ.
ಅಷ್ಟರಾಗ ಕಲ್ಲಿದ್ದಲಿನ ಗಾಡಿ ಬಂತು.
ಕೊನೀಗೆ ಗಾರ್ಡಿನ ಡಬ್ಬಿ ಇರಲಿಲ್ಲ,
ಪೆಟ್ಟಿಗಿಯಂಥಾ ಒಂದು ಯಂತ್ರ ಕೆಂಪಗ ಮಿಣಕತಿತ್ತು.
ಆದ್ರೂ ನಾವಿಬ್ಬರೂ ಎದ್ದು ನಿಂತಿದ್ವಿ,
ಟಾವೆಲ್ ಹಿಡಕೊಂಡು ನಾನು,
ಬರೀ ಕೈಲೆ ಅಂವ.

ಬರೂವಾಗ ಒಂದು ಕಟ್ಟು ಹಸಿಕಡ್ಲಿ ಕೊಟ್ಟ.

ಈಗ ಮಹಾನಂದಾನೂ ಬರತಾಳ.
ಹಿಂದಕ್ಕ ಮಾರಿ ಮಾಡಿ ಕುಂತರ ಹೊಟ್ಟಿ ತೊಳಸತದ ಅಂತಾಳ,
ಅಕಿ ಗಾಡಿ ಹೋಗೂ ಕಡೆ, ನಾ ಎದುರಿಗೆ, ನನ್ನ ರೂಢಿ ಕಡೆ.
‘ಹಳ್ಳ ಬಂತು ನೋಡ್ರಿ’ ಅಂತಾಳ.
ಒಂದು ಗಳಿಗಿ ತಡದು
‘ಹೌದು, ಹಳ್ಳ’ ಅಂತೀನಿ.
ಕಡ್ಲಿ ಸುಲಿದು ನನ್ನ ಕೈಗೆ ಹಾಕತಾಳ,
ಸಿಪ್ಪಿ ಖಿಡಕಿ ಹೊರಗ.
ಅವು ಎಲ್ಲಿ ಹೋಗಿ ಬಿದ್ದವು ಅನ್ನೂದು
ನನಗಷ್ಟ ಕಾಣತದ.