ಡಿಕ್ಕಿ

ಆರಕ್ಕೇ ಬರ್ತೀವಿ, ಸ್ಟಾರ್ಟ್ ಮಾಡಿರಬೇಡಿ
ಅಂತ ಹೇಳಿಟ್ಟಿದ್ದ ಜಬೀವುಲ್ಲಾ.
ಕಾಮಾಕ್ಷಿಪಾಳ್ಯದ ಆ ಓಣಿ ಸೇರುವಾಗ
ಬಾನೆಟ್ಟು ಆಗಲೇ ಬೆಚ್ಚಗಿತ್ತು.
ಅಂಗೈ ಇಟ್ಟು, ತೆಗೆದು, ಸುಮ್ಮನೆ ನನ್ನತ್ತ ನೋಡಿದ.
ರಾತ್ರಿಯ ಅನ್ನಕ್ಕೆ ಬಿಸಿನೀರು ಚಿಮುಕಿಸಿ
ಈಗಿಳಿಸಿದ್ದು ಅನ್ನುವವರನ್ನು ನಾನು ಕಂಡಿಲ್ಲವೇ?

ಮೀಟರಿನಲ್ಲಿ ಮೂವತ್ತೆರಡು ಸಾವಿರ.
ಕ್ಲಚ್ಚಿನ ರಬ್ಬರು ಮಾತ್ರ
ಹಳೇ ಹವಾಯಿ ಚಪ್ಪಲಿಯ ಹಿಮ್ಮಡಿ.
ಎಷ್ಟು ಸಂಜೆ ಗೊರಗುಂಟೆಪಾಳ್ಯದಲ್ಲಿ
ಅದನ್ನು ಒತ್ತಿಕೊಂಡೇ ಕೂತಿತ್ತೋ ಆ ಎಡಗಾಲು.

ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದ.
ಮೊಳದಾಚೆ ಕೆಸರಿನ ಗೆರೆ,
ಮ್ಯಾಟಿನಡಿ ಬತ್ತಿದ ಕೆರೆಯ ವಾಸನೆ.
"ನೀರು ನುಗ್ಗಿತ್ತಾ?"
"ಇಲ್ಲ ಗುರುವೇ, ವಾಟರ್ ಸರ್ವೀಸು."

ಆಯಸ್ಕಾಂತ ಎಡ ಬಾಗಿಲಿಗೆ ಅಂಟದೆ ಜಾರಿತು.
ಒಳಗೆಲ್ಲ ಪುಟ್ಟಿ.
"ಡಿಕ್ಕಿ ಆಗಿದೆಯಾ?" ಕೇಳಿದೆ.
"ಡಿಕ್ಕಿ ಬಹಳ ದೊಡ್ಡದು ಮೇಡಂ!"
ಗಂಗಹನುಮಯ್ಯ ಹಿಂದೆ ಓಡಿ ತೆರೆದೇ ಬಿಟ್ಟರು.

ಅದಕ್ಕೇ ತಾನೇ ಆಟೋದಲ್ಲಿ ಹೊತ್ತು ತಂದಿದ್ದೆ
ಅರವತ್ತು ಊಟದ ಸಾಂಬಾರಿನ ತಪ್ಪಲೆ.
ಕೂತಿತು.
ಮುಚ್ಚಳ ಹಾಕಿದರೂ ಕೂತಿತು,
ಪಕ್ಕದಲ್ಲಿ ಸೌಟಿಗೂ ಜಾಗ.

ಜಬೀವುಲ್ಲಾ ತಲೆಯಾಡಿಸುತ್ತಿದ್ದ, ಬೇಡಕ್ಕಾ.
ಬೇಡವೆಂದು ನನಗೂ ಗೊತ್ತು.
ಆದರೂ ಡಿಕ್ಕಿ ಹಾಕಿದೆ, ತೆಗೆದೆ, ಮತ್ತೆ ಹಾಕಿದೆ.
ಒಳಗೆ ತಪ್ಪಲೆ ಒಂಚೂರೂ ಅಲುಗಲಿಲ್ಲ.

ವಾಪಸು ಪೀಣ್ಯದವರೆಗೂ ಆಟೋದಲ್ಲಿ
ಮೊಣಕಾಲ ನಡುವೆ ಒತ್ತಿಹಿಡಿದಿದ್ದೆ.
ಹಂಪು ಬಂದಾಗಲೆಲ್ಲ
ಮುಚ್ಚಳ ಏನೋ ಹೇಳುತ್ತಲೇ ಇತ್ತು.